ಹಾರ್ನ್ ಎಂಬವನ ಹಲ್ಲು

ಸೂಜಿ ಚುಚ್ಚಿ ಆಗಿತ್ತು. ಲಾರಿ ಡ್ರೈವರನ ಕೆಳದವಡೆ ಮರಗಟ್ಟಿ, ತುಟಿಯ ಒಂದು ಮೂಲೆ ತನ್ನದೇ ಅಲ್ಲವೆಂಬಂತೆ ಜೋತುಬಿದ್ದಿತ್ತು. ಹಲ್ಲಿನ ಡಾಕ್ಟರು ಕೈಗವಸು ಎಳೆದುಕೊಂಡು, ದೀಪವನ್ನು ಅವನ ಬಾಯಿಗೆ ತಿರುಗಿಸಿ, ತಲೆ ಎತ್ತದೆಯೇ ಎಕ್ಸ್‌ರೇ ತೋರಿಸು ಎಂದರು. ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ನಾದಿನಿ ಎಕ್ಸ್‌ರೇಗಳ ಪಟ್ಟಿ ತೋರಿಸುವ ಫೈಲ್ ಮ್ಯಾನೇಜರ್ ಮೇಲೆ ಕ್ಲಿಕ್ ಮಾಡಿದಳು. ಮೌಸಿನ ಬಾಣದ ಪಕ್ಕದಲ್ಲಿ ಚಕ್ರವೊಂದು ಒಂದೆರಡು ಸುತ್ತು ತಿರುಗಿ ಮಾಯವಾಯಿತು. ಅಷ್ಟೇ. ಏನೂ ತೆರೆಯಲಿಲ್ಲ.

ಇನ್ನೊಮ್ಮೆ ಒತ್ತಿದಳು. ಮತ್ತೆ ಚಕ್ರ, ಮತ್ತೆ ಏನೂ ಇಲ್ಲ.

ಡಾಕ್ಟರು ಅವಳ ಅಕ್ಕನ ಗಂಡ. ಕೆಲಸ ಮಾಡುತ್ತಿದ್ದ ಕಂಪನಿ ಒಂದು ದಿನ ಹೇಳದೆ ಕೇಳದೆ ಬಾಗಿಲು ಹಾಕಿದಾಗ ಅವಳು ಅಕ್ಕನ ಮನೆಗೆ ಬಂದಿದ್ದಳು. ಕೂತು ಉಣ್ಣುವುದು ಗಂಟಲಲ್ಲಿ ಇಳಿಯದೆ, ಭಾವನ ಹಿಂದೆಯೇ ಕ್ಲಿನಿಕ್ಕಿಗೂ ಹೊರಟಿದ್ದಳು. ಅಲ್ಲಿನ ಕಂಪ್ಯೂಟರು ಆಗ ಮುಪ್ಪಿನಲ್ಲಿತ್ತು. ಒಂದು ಎಕ್ಸ್‌ರೇ ತೆರೆಯಲು ಹೇಳಿ ಒಳಗೆ ಹೋಗಿ ಕೈ ತೊಳೆದು ಬಂದರೂ ಅದು ಇನ್ನೂ ಯೋಚಿಸುತ್ತಿರುತ್ತಿತ್ತು. ಅವಳು ಹಳೆಯದನ್ನೆಲ್ಲ ಕಿತ್ತುಹಾಕಿ ಮುದಿ ಕಂಪ್ಯೂಟರಿಗೂ ಭಾರವಾಗದ ಲಿನಕ್ಸ್ ವ್ಯವಸ್ಥೆ ಕೂರಿಸಿದಳು. ಇನ್ನು ಇದು ಕೈಕೊಡುವುದಿಲ್ಲ ಭಾವ ಎಂದು ಎದೆ ತಟ್ಟಿ ಹೇಳಿಯೂ ಬಿಟ್ಟಳು. ಅಂದಿನಿಂದ ಆ ಮೂಲೆಯ ಕುರ್ಚಿ ಅವಳದಾಯಿತು.

ಅವಳದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅದು ಬೇರೆ ಮಾತು. ಕಳೆದ ವಾರ ಪ್ರಿಂಟರ್ ಮುನಿಸಿಕೊಂಡಾಗ ಭಾವ ಬೇಸತ್ತು ಒಂದು ಮಾತಾಡಿದ್ದರು. ಇನ್ನೊಂದು ಸಲ ಇದು ಮೊಂಡು ಹಿಡಿದರೆ ಮೊದಲು ರಿಪೇರಿಗೆ ಬರುತ್ತಿದ್ದ ಹಳೇ ಕಂಪ್ಯೂಟರಿನವನನ್ನೇ ಕರೆಸುತ್ತೇನೆ; ಈ ಕುರ್ಚಿಯಲ್ಲಿ ಕೂರಲು ಅವನ ಹತ್ತಿರ ತರಬೇತಿ ಪಡೆದ ಹುಡುಗಿಯೂ ಇದ್ದಾಳಂತೆ, ಎರಡೂ ಒಟ್ಟಿಗೆ ಸರಿಹೋಗುತ್ತದೆ. ಆ ಮನುಷ್ಯ ಇವತ್ತು ಫೋನ್ ಮಾಡುವವನಿದ್ದ. ಭಾವ ಸಿಟ್ಟಿನಿಂದ ಹೇಳಿದ್ದರೆ ಅವಳಿಗೆ ಇಷ್ಟು ಕೊರೆಯುತ್ತಿರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದ್ದರು.

"ಏನಾಯ್ತಮ್ಮ?"

"ಬಂತು ಭಾವ, ಒಂದು ನಿಮಿಷ."

ಬರಲಿಲ್ಲ. ಬೆಳಿಗ್ಗೆಯಿಂದ ಪರದೆಯ ಮೂಲೆಯಲ್ಲಿ ತೆರೆದೇ ಇದ್ದ ಟರ್ಮಿನಲ್ಲಿಗೆ ಹೋದಳು. ಕಪ್ಪು ಹಿನ್ನೆಲೆಯ ಆ ಪೆಟ್ಟಿಗೆಯಲ್ಲಿ ಹೆಸರು ಬರೆದು ಕರೆದರೆ ಯಾವ ಪ್ರೋಗ್ರಾಮ್ ಆದರೂ ಎದ್ದು ಬರಬೇಕು. ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೆಳಗೆ ಗೊಣಗಬೇಕು. ಫೈಲ್ ಮ್ಯಾನೇಜರಿನ ಹೆಸರು ಬರೆದು ಎಂಟರ್ ಒತ್ತಿದಳು. ಗೊಣಗಾಟವೂ ಇಲ್ಲ, ಬರುವುದೂ ಇಲ್ಲ. ಹಾಗಾದರೆ ಈಗ ಏನೇನು ನಡೆಯುತ್ತಿದೆ ಎಂದು ಕೇಳಿದಳು. ಫೈಲ್ ಮ್ಯಾನೇಜರ್ ನಡೆಯುತ್ತಿದೆ ಎಂದಿತು ಕಂಪ್ಯೂಟರು. ತೆರೆದಿದೆಯೇ? ತೆರೆದಿದೆ. ಎಲ್ಲಿ? ಅದಕ್ಕೆ ಉತ್ತರವಿಲ್ಲ.

ಮನೆಯಲ್ಲೇ ಇದ್ದೇನೆ ಎಂದು ಫೋನಿನಲ್ಲಿ ಹೇಳುತ್ತ, ಬಾಗಿಲು ಬಡಿದರೆ ತೆರೆಯದವರ ಹಾಗಾಯಿತು ಇದು ಎಂದುಕೊಂಡಳು. ಇವತ್ತು ಬೆಳಿಗ್ಗೆಯಿಂದಲೂ ಯಾವುದೋ ಒಂದು ಸರಿಯಿರಲಿಲ್ಲ. ಮೌಸಿನ ಬಾಣ ಬಲಗಡೆಯ ಅಂಚಿಗೆ ಹೋದಾಗಲೆಲ್ಲ ಕಾಣೆಯಾಗಿ, ಎಳೆದಾಡಿದ ಮೇಲೆ ತಿರುಗಿ ಬರುತ್ತಿತ್ತು. ಬ್ಯಾಟರಿ ಇರಬೇಕೆಂದು ಬದಲಾಯಿಸಿದ್ದಳು. ಬದಲಾಯಿಸಿದ ಮೇಲೂ ಹಾಗೇ.

ಆ ಪ್ರೋಗ್ರಾಮನ್ನು ಕೊಂದು ಮತ್ತೆ ಕರೆದಳು. ಎದ್ದಿದೆ ಎಂದಿತು, ಕಾಣಲಿಲ್ಲ. ಹೊರಗಿನ ಕೋಣೆಯಲ್ಲಿ ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಳೆಯ ಸೆಟ್ಟಿಂಗುಗಳು ಕೆಟ್ಟಿದ್ದರೂ ಹೀಗಾಗುತ್ತದೆಂದು ಎಲ್ಲೋ ಓದಿದ್ದು ನೆನಪಾಗಿ, ಅವನ್ನೆಲ್ಲ ಅಳಿಸಿ ಮತ್ತೊಮ್ಮೆ ಕರೆದಳು. ಹೊರಗೆ ಇನ್ನೊಂದು ನಗು, ಈ ಸಲ ಇಬ್ಬರದು. ಅವರಿಗಾದರೂ ಏನೋ ಖುಷಿಯಿದೆಯಲ್ಲ ಎಂದು ಹೊಟ್ಟೆಯುರಿಯಿತು.

"ಇಂಜೆಕ್ಷನ್ ಇಳಿಯೋದ್ರೊಳಗೆ ಸಿಗುತ್ತೇನಮ್ಮ? ಇವನ ಬೇರು ಸೊಟ್ಟಗಿದೆ. ಯಾವ ಕಡೆಗೆ ಸೊಟ್ಟ ಅನ್ನೋದು ನೋಡದೆ ನಾನು ಕೈ ಹಾಕಲ್ಲ."

ಡ್ರೈವರ್ ಊಂ ಎಂದ. ಅದು ಒಪ್ಪಿಗೆಯೋ ಹೆದರಿಕೆಯೋ, ಅವನ ತುಟಿಗೇ ಗೊತ್ತಿರಲಿಲ್ಲ.

ಫೈಲ್ ಮ್ಯಾನೇಜರ್ ಬಾರದಿದ್ದರೆ ಹಾಳಾಗಿ ಹೋಗಲಿ, ಎಕ್ಸ್‌ರೇಯನ್ನೇ ನೇರವಾಗಿ ಕರೆಯುತ್ತೇನೆ ಎಂದು ಟರ್ಮಿನಲ್ಲಿನಲ್ಲಿ ಫೈಲುಗಳ ಪಟ್ಟಿ ಕೇಳಿದಳು. ಪಟ್ಟಿಯೇನೋ ಬಂತು. ಆದರೆ ಆ ಕಪ್ಪು ಪೆಟ್ಟಿಗೆಗೆ ಕನ್ನಡ ಬರುತ್ತಿರಲಿಲ್ಲ. ಹೆಸರುಗಳಿರಬೇಕಾದ ಜಾಗದಲ್ಲಿ ಸಾಲುಸಾಲು ಖಾಲಿ ಚೌಕಗಳು. ಹೆಸರುಗಳಾದರೂ ಎಂಥವು. ಒಂದೇ ಹೆಸರಿನ ರೋಗಿಗಳು ಹತ್ತಾರು ಮಂದಿ ಇದ್ದರು, ಮೇಲಾಗಿ ಡಾಕ್ಟರಿಗೆ ಜನರ ಹೆಸರು ನೆನಪಿರುವುದಿಲ್ಲ. ಬಾಯಿ ನೆನಪಿರುತ್ತದೆ, ಆ ಬಾಯಿಂದ ಬಂದ ಸದ್ದು ನೆನಪಿರುತ್ತದೆ. ಹಾಗಾಗಿ ಎಕ್ಸ್‌ರೇಗಳನ್ನೆಲ್ಲ ಅಡ್ಡಹೆಸರಿನಲ್ಲಿ ಉಳಿಸುವುದು ಆ ಕ್ಲಿನಿಕ್ಕಿನ ಪದ್ಧತಿ. ಕುರ್ಚಿಯಿಂದ ಎದ್ದು ಓಟ ಕಿತ್ತವನು ‘ಓಡಿಹೋದವನು’. ಬಾಯಿ ತೆರೆದೇ ವಾದ ಮಾಡುವ ವಕೀಲರು ‘ಮುಚ್ಚದ ವಕೀಲರು’. ಮೊದಲ ದಿನ ಸೂಜಿ ಕಂಡೊಡನೆ ಬೀದಿಗೆಲ್ಲ ಕೇಳುವಂತೆ ಅರಚಿದ ಈ ಡ್ರೈವರ್ ‘ಹಾರ್ನ್’. ಒಳಗಿನವರ ಗುಟ್ಟು ಅದು, ಹೊರಗೆ ಹೋಗಬಾರದ್ದು.

ಚೌಕಗಳಲ್ಲಿ ಯಾವುದು ಹಾರ್ನ್? ಗೊತ್ತಾಗಲಿಲ್ಲ. ಕಣ್ಣುಮುಚ್ಚಿ ಒಂದನ್ನು ತೆರೆದಳು. ಅದೂ ತೆರೆದಿದ್ದೇನೆ ಎಂದಿತು, ಅದೂ ಕಾಣಲಿಲ್ಲ. ಈಗ ಅವಳಿಗೆ ಸಂಶಯ ಬಂದದ್ದು ಕಂಪ್ಯೂಟರಿನ ಮೇಲಲ್ಲ, ತನ್ನ ಕಣ್ಣಿನ ಮೇಲೆ. ಎಲ್ಲವೂ ತೆರೆಯುತ್ತಿದೆ, ನಾನೊಬ್ಬಳೇ ಕಾಣದವಳೇ?

ಆಗ ಬಾಗಿಲಿನ ಪರದೆ ಸರಿಸಿ ಡ್ರೈವರನ ಹೆಂಡತಿ ಇಣುಕಿದಳು. ಸಂಕೋಚದಿಂದ ಸೆರಗು ಬಿಗಿ ಹಿಡಿದಿದ್ದಳು.

"ಅಮ್ಮಾ, ಹೊರಗೆ ಗೋಡೆ ಮೇಲೆ ಯಾರದೋ ಬಾಯಿ ಬಂದಿದೆ. ನಮ್ಮವರದಾ ಅಂತ ನೋಡ್ದೆ, ಗುರುತೇ ಸಿಕ್ತಿಲ್ಲ."

ನಾದಿನಿ ಕಂಪ್ಯೂಟರಿನ ಹಿಂದಕ್ಕೆ ಬಗ್ಗಿ ನೋಡಿದಳು. ಅಲ್ಲೊಂದು ಹೊಸ ಕೇಬಲ್ಲು. ಅದು ಗೋಡೆಯಲ್ಲಿ ಹೊಸದಾಗಿ ಕೊರೆದ ತೂತಿನೊಳಗೆ ಹೋಗಿತ್ತು.

ಕಾಯುವವರಿಗೆ ಬೇಜಾರಾಗಬಾರದು, ಹಲ್ಲುಜ್ಜುವುದು ಹೇಗೆಂದು ವೀಡಿಯೊ ತೋರಿಸೋಣ ಎಂದು ಭಾವ ಹೊರಗೊಂದು ದೊಡ್ಡ ಟೀವಿ ಹಾಕಿಸಿದ್ದು ಅವಳಿಗೆ ಗೊತ್ತಿತ್ತು. ನಿನ್ನೆ ಮಧ್ಯಾಹ್ನ ಅವಳು ಮನೆಗೆ ಹೋದ ಮೇಲೆ ಎಲೆಕ್ಟ್ರಿಷಿಯನ್ ಬಂದು ಅದರ ಬಾಲವನ್ನು ಅವಳ ಕಂಪ್ಯೂಟರಿಗೇ ಸಿಕ್ಕಿಸಿ ಹೋದದ್ದು ಗೊತ್ತಿರಲಿಲ್ಲ. ಬೆಳಿಗ್ಗೆ ಅವಳು ಟರ್ಮಿನಲ್ ತೆರೆದ ಮೇಲೆ ಭಾವ ಟೀವಿ ಹಚ್ಚಿದ್ದಾರೆ. ದೊಡ್ಡ ಪರದೆ ಕಂಡದ್ದೇ ತಡ, ಕಂಪ್ಯೂಟರು ಅದನ್ನೇ ಯಜಮಾನನೆಂದು ನಂಬಿ, ಹೊಸದಾಗಿ ತೆರೆದದ್ದನ್ನೆಲ್ಲ ಅಲ್ಲಿಗೇ ಕಳಿಸಿದೆ. ಬಲಗಡೆ ಕಾಣೆಯಾಗುತ್ತಿದ್ದ ಬಾಣ ಗೋಡೆ ದಾಟಿ ಜನರ ನಡುವೆ ಅಡ್ಡಾಡಿ ಬರುತ್ತಿತ್ತು.

ಕೆಟ್ಟದ್ದು ಏನೂ ಇರಲಿಲ್ಲ ಎಂಬುದು ಅವಳಿಗೆ ಸಮಾಧಾನವಾಗಬೇಕಿತ್ತು. ಆದರೆ ಗೋಡೆಯ ಮೇಲೆ ಏನು ತೆರೆದಿದೆ ಎಂಬುದು ನೆನಪಾಗಿ ಕಿವಿ ಬಿಸಿಯಾಯಿತು.

"ಎಲ್ಲಾ ಈ ಪರದೆಗೆ ಎಳ್ಕೋತೀನಿ ಭಾವ," ಎಂದಳು.

ಡಾಕ್ಟರು ಆಗಲೇ ಗವಸಿನ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ಬಾಗಿಲು ದಾಟಿದ್ದರು. ಎಳೆಯುವುದು ಆಮೇಲೆ, ಅಲ್ಲೇ ದೊಡ್ಡದಾಗಿ ಕಾಣುತ್ತದಲ್ಲ, ಅಲ್ಲೇ ತೆರೆ, ಹೊತ್ತಿಲ್ಲ ಎಂದು ಹೊರಗಿನಿಂದಲೇ ಕೂಗಿದರು. ಅವಳು ಮೌಸನ್ನು ಬಲಕ್ಕೆ ತಳ್ಳಿದಳು. ಬಾಣ ಅಂಚಿನಲ್ಲಿ ಮುಳುಗಿತು. ಇನ್ನು ಅವಳ ಮುಂದಿದ್ದದ್ದು ಬಾಣವಿಲ್ಲದ ಪರದೆ, ಮತ್ತು ಗೋಡೆಯಾಚೆಯ ದನಿಗಳು.

ದನಿಗಳಲ್ಲಿ ಟೈಲರನದೇ ಮುಂದು. ತಿಂಗಳಿಂದ ಬೇರಿನ ಚಿಕಿತ್ಸೆಗೆಂದು ಬಂದು ಹೋಗುತ್ತಿದ್ದವನು, ಅಳತೆ ಹೇಳಿ ರೂಢಿಯಾದವನು.

"ಬಾಣ ಮೇಲ್ಗಡೆ ಇದೆ. ಕೆಳಗೆ ಬನ್ನಿ. ಇನ್ನೂ ಒಂದು ಗೇಣು. ಸಾಕು, ಸಾಕು." ಆಮೇಲೆ ದನಿ ತಗ್ಗಿತು. "ಡಾಕ್ಟ್ರೇ, ಇಲ್ಲಿ ಮೊದಲನೇ ಸಾಲಲ್ಲಿ ‘ಅಳುಬುರುಕ ಟೈಲರ್’ ಅಂತ ಇದೆಯಲ್ಲ. ಈ ಬೀದೀಲಿ ಟೈಲರ್ ಅಂದ್ರೆ ನಾನೊಬ್ಬನೇ."

ಡಾಕ್ಟರು ಏನು ಹೇಳಿದರೆಂದು ಕೇಳಿಸಲಿಲ್ಲ. ಯಾರೋ ಕೆಮ್ಮಿದರು. ನಗುತ್ತಿದ್ದವರು ನಗು ನಿಲ್ಲಿಸಿ ತಮ್ಮದು ಯಾವುದೆಂದು ಹುಡುಕತೊಡಗಿದ್ದು ಆ ಮೌನದಲ್ಲೇ ಗೊತ್ತಾಗುತ್ತಿತ್ತು.

"ಕೊನೇಲಿ ನೋಡಿ, ‘ಹಾರ್ನ್’ ಅಂತಿರುತ್ತೆ," ಎಂದು ಅವಳು ಕೂಗಿದಳು. ಕುರ್ಚಿಯಲ್ಲಿದ್ದ ಡ್ರೈವರ್ ಕಣ್ಣರಳಿಸಿ ಅವಳತ್ತ ತಿರುಗಿದ. ಕ್ಷಮೆ ಕೇಳಲು ಪುರುಸೊತ್ತಿರಲಿಲ್ಲ.

"ಕೆಳಗೆ, ಕೆಳಗೆ. ನಿಲ್ಲಿ. ಬಾಣ ಈಗ ಅದರ ಪಕ್ಕದ್ದರ ಮೇಲಿದೆ. ‘ಸದ್ಯಕ್ಕೆ ಇರುವವಳು’. ಅದಲ್ಲ ಅಲ್ವಾ? ಒಂದು ಬೆರಳು ಬಲಕ್ಕೆ."

ಅವಳ ಕೈ ಅಲ್ಲೇ ನಿಂತಿತು.

ಬಂದ ಹೊಸದರಲ್ಲಿ ಅವಳಿಗೊಂದು ಹಲ್ಲುನೋವು ಬಂದಿತ್ತು. ಭಾವನೇ ಎಕ್ಸ್‌ರೇ ತೆಗೆದು, ಭಾವನೇ ಹೆಸರು ಕೊಟ್ಟು ಉಳಿಸಿಟ್ಟಿದ್ದರು. ಫೈಲುಗಳು ಆಗ ದಿನದ ಪ್ರಕಾರ ನಿಲ್ಲುತ್ತಿದ್ದವು. ಹಳೆಯವು ತಳಕ್ಕಿಳಿದು ಕಣ್ಣಿಗೆ ಬೀಳುತ್ತಿರಲಿಲ್ಲ. ಸೆಟ್ಟಿಂಗ್ ಅಳಿಸಿದ ಮೇಲೆ ಅಕ್ಷರದ ಪ್ರಕಾರ ಸಾಲು ಹಿಡಿದು, ಅವಳನ್ನು ಹಾರ್ನ್‌ನ ಪಕ್ಕಕ್ಕೆ ತಂದು ನಿಲ್ಲಿಸಿದ್ದವು. ಅದನ್ನು ಓದಿದ ಟೈಲರನಿಗೆ ಅದು ಯಾರೆಂದು ಗೊತ್ತಿರಲಿಲ್ಲ. ಓದಿದ್ದನ್ನು ಕೇಳಿಸಿಕೊಂಡ ಇಬ್ಬರಿಗೆ ಗೊತ್ತಿತ್ತು, ಅವರ ನಡುವೆ ಗೋಡೆಯಿತ್ತು.

"ಬಲಕ್ಕಮ್ಮಾ," ಎಂದರು ಭಾವ. ದನಿ ಎಂದಿನದಲ್ಲ.

ಒಂದು ಬೆರಳು ಬಲಕ್ಕೆ ಸರಿಸಿ ಎರಡು ಸಲ ಒತ್ತಿದಳು. ಹೊರಗೆಲ್ಲ ಓ ಎಂದರು. ಬೇರು ಕೊನೆಯಲ್ಲಿ ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿತ್ತಂತೆ. ಇದನ್ನು ಎಳೆದರೆ ಬರುವುದಿಲ್ಲ, ತಿರುಗಿಸಿ ಬಿಡಿಸಬೇಕು ಎಂದು ಟೈಲರ್ ಡಾಕ್ಟರಿಗೇ ವಿವರಿಸುತ್ತಿದ್ದ.

ಹಲ್ಲು ಬಂತು. ಡ್ರೈವರ್ ಈ ಸಲ ಸದ್ದೇ ಮಾಡಲಿಲ್ಲ, ಹಟಕ್ಕೆ ಬಿದ್ದವನ ಹಾಗೆ ಬಾಯಿ ಬಿಟ್ಟು ಮಲಗಿದ್ದ. ಹತ್ತಿ ಕಚ್ಚಿಕೊಂಡು ಹೋಗುವಾಗ ಅವಳ ಮೇಜಿನ ಬಳಿ ನಿಂತು, ಲಾರಿಯ ಹಾರ್ನ್ ಒತ್ತುವಂತೆ ಗಾಳಿಯಲ್ಲಿ ಅಂಗೈ ಒತ್ತಿ ತೋರಿಸಿದ. ಬೈದನೋ, ನಕ್ಕನೋ. ಹತ್ತಿಯ ಹಿಂದೆ ಏನೂ ತಿಳಿಯಲಿಲ್ಲ.

ಭಾವ ಬೇಸಿನ್ನಿನ ಮುಂದೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೈ ತೊಳೆದರು.

"ಆ ಹೆಸರು ನೀನು ಬಂದ ಹೊಸದರಲ್ಲಿ ಇಟ್ಟಿದ್ದು."

"ಹೌದು ಭಾವ."

"ಬದಲಾಯಿಸ್ಕೋ."

"ಏನಂತ ಬರೀಲಿ?"

ಭಾವ ನಲ್ಲಿ ನಿಲ್ಲಿಸಿ ತಿರುಗಿದರು. ಊರಿನ ಬಾಯಿಗೆಲ್ಲ ನಿಂತ ನಿಲುವಿನಲ್ಲಿ ಹೆಸರಿಡುವ ಮನುಷ್ಯ, ತುಟಿ ಅರ್ಧ ತೆರೆದು, ಟವೆಲ್ಲಿಗಾಗಿ ಅತ್ತಿತ್ತ ನೋಡಿದರು. ಟವೆಲ್ಲು ಅವರ ಹೆಗಲ ಮೇಲೇ ಇತ್ತು. ಅಷ್ಟರಲ್ಲಿ ಟೈಲರ್ ಒಳಗೆ ಬಂದು ಕುರ್ಚಿಯೇರಿ, ಮೊದಲು ಹೆಸರು, ಆಮೇಲೆ ಬಾಯಿ ಎಂದು ಕೈಕಟ್ಟಿ ಕೂತ.

ಅವಳು ಕೇಬಲ್ಲನ್ನು ಕಿತ್ತಳು. ಗೋಡೆಯಾಚೆ ತೆರೆದಿದ್ದ ಪಟ್ಟಿಗಳೆಲ್ಲ ಧಡಧಡ ಅವಳ ಪರದೆಗೆ ಬಂದು ಒಂದರ ಮೇಲೊಂದು ಬಿದ್ದವು; ಕರೆದಷ್ಟು ಸಲವೂ ಬಂದಿದ್ದವು ಎಂಬುದಕ್ಕೆ ಸಾಕ್ಷಿ. ಒಂದನ್ನು ಉಳಿಸಿಕೊಂಡು ‘ಅಳುಬುರುಕ’ನನ್ನು ಅಳಿಸಿದಳು. ಬರೀ ‘ಟೈಲರ್’ ಉಳಿದ. ಅವನು ಬಗ್ಗಿ ನೋಡಿ, ತೃಪ್ತಿಯಿಂದ ಬಾಯಿ ತೆರೆದ.

ಫೋನ್ ಬಡಿದುಕೊಂಡಿತು. ಹಳೇ ಕಂಪ್ಯೂಟರಿನವನು. ಭಾವ ಅವಳಿಗೆ ಬೆನ್ನು ಹಾಕಿ ಮಾತಾಡಿದರು. ಹೂಂ, ಹೂಂ, ಇಲ್ಲ ಈಗ ಸರಿಯಾಗಿದೆ. ಹುಡುಗಿಯಾ?

"ಸದ್ಯಕ್ಕೆ ಬೇಡ," ಎಂದರು.

ಫೋನ್ ಇಟ್ಟ ಮೇಲೆ ಕೋಣೆಯಲ್ಲಿ ಡ್ರಿಲ್ಲಿನ ಸದ್ದು ಮಾತ್ರ ಉಳಿಯಿತು. ಗೆದ್ದೆನೋ ಮುಂದಕ್ಕೆ ಹೋಯಿತೋ, ಅವಳಿಗೆ ಅರ್ಥವಾಗಲಿಲ್ಲ. ಪರದೆಯ ಮೇಲೆ ತನ್ನ ಫೈಲನ್ನು ಹುಡುಕಿ ಹೆಸರನ್ನು ಪೂರ್ತಿ ಅಳಿಸಿದಳು. ಹೆಸರು ಖಾಲಿ ಇರುವಂತಿಲ್ಲ ಎಂದಿತು ಕಂಪ್ಯೂಟರು. ಬಿಟ್ಟುಬಿಟ್ಟಳು, ಹಳೆಯ ಹೆಸರೇ ತಿರುಗಿ ಬಂತು. ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂತು, ಆಮೇಲೆ ಮೊದಲ ಮಾತನ್ನಷ್ಟೇ ಕಿತ್ತುಹಾಕಿ ಎಂಟರ್ ಒತ್ತಿದಳು.

ಫೈಲು ಇದ್ದ ಜಾಗದಲ್ಲಿ ಇರಲಿಲ್ಲ. ಹಾರ್ನ್‌ನ ಪಕ್ಕ ಬೇರೆ ಯಾರೋ ಇದ್ದರು. ಮತ್ತೆ ಗೋಡೆಯಾಚೆ ಹೋಯಿತೇ ಎಂದು ಕೇಬಲ್ಲಿನ ಕಡೆ ನೋಡಿದಳು. ಅದು ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ನಿಧಾನವಾಗಿ ಪಟ್ಟಿಯನ್ನು ಮೇಲಕ್ಕೆ ಸರಿಸುತ್ತ ಹೋದಳು. ಎಲ್ಲಕ್ಕಿಂತ ಮೇಲೆ, ಟೈಲರ್ ಬಿಟ್ಟುಹೋದ ಜಾಗದಲ್ಲಿ, ಅವಳ ಹಲ್ಲುಗಳು ಕಂಡವು. ಕೆಳಗೆ ‘ಇರುವವಳು’ ಎಂದಿತ್ತು.

"ಎಕ್ಸ್‌ರೇ ತೋರಿಸಮ್ಮ," ಎಂದರು ಭಾವ.