ಒಂದು ಗುಳಿಗೆ, ಎರಡು ತುಂಡು

ಹಿಂಡಿನಲ್ಲಿ ಒಂದು ಕುರಿಗೆ ಜಡ್ಡು ಬಂದರೆ, ಕುರಿ ಸಾಕುವವರು ಆ ಒಂದಕ್ಕೇ ಔಷಧಿ ಕುಡಿಸಿ ಸುಮ್ಮನಿರುವುದಿಲ್ಲ. ಇವತ್ತು ಒಂದಕ್ಕೆ ಬಂದದ್ದು ನಾಳೆ ಹತ್ತಕ್ಕೆ ಬರುತ್ತದೆ ಎಂದು ಅವರಿಗೆ ಗೊತ್ತು. ಅದೇ ಬಾಟಲಿಯ ಔಷಧಿಯನ್ನು ಇಡೀ ಹಿಂಡಿಗೆ ಕುಡಿಸುತ್ತಾರೆ. ಕುರಿಯ ಮಟ್ಟಿಗೆ ಇದು ಬಲ್ಲವರ ಮಾತು, ನಾವು ಅಡ್ಡ ಬಾಯಿ ಹಾಕುವುದು ಬೇಡ.

ಕೊಡೇಕಲ್ ಕಡೆಯ ಭಗವಂತರಾಯನೂ ಹೀಗೆಯೇ ಮಾಡುವವನು. ಅವನದು ನೂರಕ್ಕೂ ಮೇಲಿನ ಹಿಂಡು. ಭತ್ತದ ಕೊಯ್ಲು ಮುಗಿಯುತ್ತಲೇ ಹೆಂಡತಿ ಮಲಕಮ್ಮನೊಂದಿಗೆ ಹಿಂಡು ಹೊಡೆದುಕೊಂಡು ಭೀಮರಾಯನಗುಡಿ ಕಡೆಯ ಕಾಲುವೆ ಹೊಲಗಳಿಗೆ ಬರುತ್ತಾನೆ. ಹೊಲದಲ್ಲೇ ಬಲೆ ಕಟ್ಟಿ ರಾತ್ರಿ ಅದರೊಳಗೆ ಕುರಿ ತರುಬುತ್ತಾರೆ, ಪಕ್ಕದಲ್ಲೇ ತಾಡಪತ್ರಿಯ ಗುಡಿಸಲು. ಮಗಳು ಪವಿತ್ರಾ ಸುರಪುರದ ಹಾಸ್ಟೆಲಿನಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಾಳೆ.

ಹೋದ ವರ್ಷ ಭಗವಂತರಾಯ ಜ್ವರ ಬಂದು ಬಂದು ಕಡ್ಡಿಯಾದ. ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಮಲಕಮ್ಮನ ರಕ್ತದಲ್ಲಿ ಅದು ಇರಲಿಲ್ಲ. ಎಲ್ಲಿಂದ ಬಂತು, ಹೇಗೆ ಬಂತು ಎಂಬ ಪಂಚಾಯಿತಿ ನಮಗೆ ಬೇಡ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇವರದು ಒಂದು ತಿಂಗಳು ನಡೆಯಿತು. ಆಮೇಲೆ ಮಲಕಮ್ಮನೇ ಗಂಡನನ್ನು ಬಸ್ಸು ಹತ್ತಿಸಿಕೊಂಡು ಎಆರ್‌ಟಿ ಕೇಂದ್ರಕ್ಕೆ ಹೋದಳು. ಎಚ್‌ಐವಿ ಇರುವವರಿಗೆ ಪುಕ್ಕಟೆ ಔಷಧಿ ಕೊಡುವ ಜಾಗ ಅದು.

ಅಲ್ಲಿ ತಿಳಿಹೇಳುವ ಕೆಲಸದಲ್ಲಿದ್ದವಳು ಪಂಚಶೀಲಾ. ರಾಮಸಮುದ್ರದ ಹುಡುಗಿ, ಮಾತು ಸ್ವಲ್ಪ ಜೋರು, ಮನಸ್ಸು ಮೆತ್ತಗೆ. ಅವಳು ಭಗವಂತರಾಯನಿಗೆ ಹೇಳಿದಳು:

"ಅಣ್ಣೋರ, ದಿನಕ್ಕ ಒಂದ್ ಗುಳಿಗಿ. ಒಂದ್ ದಿನಾನೂ ತಪ್ಪಸಬ್ಯಾಡ್ರಿ. ಆರು ತಿಂಗಳಿಗಿ ರಕ್ತದಾಗ ವೈರಾಣು ಎಷ್ಟು ಅದ ಅಂತ ನೋಡ್ತೀವಿ. ಇಳೀಬೇಕದು."

ಆಮೇಲೆ ಮಲಕಮ್ಮನ ಕಡೆ ತಿರುಗಿದಳು. "ಯಕ್ಕ, ನಿಮಗ ಬರಬಾರ್ದು ಅಂದ್ರ ಅದಕ್ಕೂ ಗುಳಿಗಿ ಅದ. ಮೊದ್ಲು ಪರೀಕ್ಷಾ ಆಗಬೇಕು. ಮುಂದಿನ ಸಲ ಬರ್ರಿ, ಕುಂತು ಮಾತಾಡೋಣ."

ಹೊರಗೆ ನಲವತ್ತು ಜನ ಸಾಲಿನಲ್ಲಿದ್ದರು. ಮಾತು ಅಲ್ಲಿಗೇ ನಿಂತಿತು. ಮುಂದಿನ ತಿಂಗಳು ಕುರಿಗಳು ಮರಿ ಹಾಕುತ್ತಿದ್ದವು, ಮಲಕಮ್ಮ ಹೋಗಲಿಲ್ಲ. ಅದರ ಮುಂದಿನ ತಿಂಗಳೂ ಹೋಗಲಿಲ್ಲ.

ಆದರೆ ಭಗವಂತರಾಯ ಆ ಮಾತು ಮರೆತಿರಲಿಲ್ಲ. ತನ್ನಿಂದ ಹೆಂಡತಿಗೆ ಬಂದರೆ ಎಂಬ ಭಯ ಅವನನ್ನು ತಿನ್ನುತ್ತಿತ್ತು. ಒಂದು ಸಂಜೆ ಅಡಕತ್ತರಿ ತೆಗೆದು ಗುಳಿಗೆಯನ್ನು ಎರಡು ತುಂಡು ಮಾಡಿದ.

"ತಗೋ, ನುಂಗು," ಅಂದ.

"ನನಗ್ಯಾಕ? ನನಗೇನಾಗೇದ?" ಅಂದಳು ಮಲಕಮ್ಮ.

"ಆಗಬಾರ್ದಂತನೇ ಕೊಡಾಕತ್ತೇನಿ. ಒಂದು ಕುರಿಗಿ ಬಂದ್ರ ಎಲ್ಲಾಕ್ಕೂ ಕುಡಸ್ತೀವಿಲ್ಲ, ಹಂಗ. ಆಸ್ಪತ್ರಿ ಅಕ್ಕೋರೂ ಹೇಳ್ಯಾರಲ್ಲ, ನಿನಗೂ ಗುಳಿಗಿ ಅದ ಅಂತ."

ಮಲಕಮ್ಮ ಗಂಡನ ಮುಖ ನೋಡಿದಳು. ಒಂದೇ ತಾಟಿನಲ್ಲಿ ಉಂಡವರು. ಅರ್ಧ ಗುಳಿಗೆ ಬೇಡ ಅನ್ನುವುದು ಹೇಗೆ? ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಅವತ್ತಿನಿಂದ ದಿನಾ ಹೀಗೆಯೇ ನಡೆಯಿತು. ಅವನ ಪ್ರೀತಿಯಲ್ಲಿ ಯಾರೂ ತಪ್ಪು ಹುಡುಕುವಂತಿಲ್ಲ. ಆದರೆ ಔಷಧಿಗೆ ಪ್ರೀತಿ ತಿಳಿಯುವುದಿಲ್ಲ, ಅಳತೆ ಮಾತ್ರ ತಿಳಿಯುತ್ತದೆ.

ತಮಾಷೆ ನೋಡಿ. ದಿನಕ್ಕೆ ಒಂದು ಗುಳಿಗೆ ಖರ್ಚಾಗುತ್ತಲೇ ಇತ್ತು. ತಿಂಗಳಿಗೆ ಸರಿಯಾಗಿ ಡಬ್ಬಿ ಖಾಲಿ. ಭಗವಂತರಾಯ ಹೋದಾಗಲೆಲ್ಲ ಪಂಚಶೀಲಾ ಡಬ್ಬಿ ನೋಡಿ, "ಇವರ ಹಂಗ ತಗೋಬೇಕು ನೋಡ್ರಿ," ಎಂದು ಪಕ್ಕದವರಿಗೆ ತೋರಿಸಿ ಹೊಗಳುತ್ತಿದ್ದಳು. ಅವನು ತಲೆ ಬಗ್ಗಿಸಿ ನಗುತ್ತಿದ್ದ.

ಆರು ತಿಂಗಳಾಯಿತು. ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ನೋಡುವ ಪರೀಕ್ಷೆ ಮಾಡಿದರು. ವರದಿ ತಗೊಳ್ಳಲು ಈ ಸಲ ಮಲಕಮ್ಮನೂ ಬಂದಿದ್ದಳು. ಅವಳಿಗೆ ಬೇರೆಯೇ ಚಿಂತೆ ಹತ್ತಿತ್ತು. ಗಂಡನ ಜಡ್ಡಿನ ವಿಷಯ ಬಲ್ಲವಳು ಅವಳ ಅಕ್ಕ ಕರೆಮ್ಮ ಒಬ್ಬಳೇ. ಆಕೆ, "ನಿನಗೂ ಹತ್ತಿರಬೇಕು," ಎಂದು ಹೇಳಿ ಮಲಕಮ್ಮನ ನಿದ್ದೆ ಕೆಡಿಸಿದ್ದಳು.

ವರದಿ ಓದಿದ ವೈದ್ಯರು ಹುಬ್ಬು ಗಂಟಿಕ್ಕಿದರು. ವೈರಾಣು ಇಳಿದೇ ಇರಲಿಲ್ಲ, ಇನ್ನೂ ಸಾವಿರಾರು ಇತ್ತು.

"ಗುಳಿಗಿ ತಪ್ಪಸೀರೇನು?"

"ಒಂದ್ ದಿನಾನೂ ಇಲ್ರಿ ಸಾಹೇಬ್ರ. ಅಕ್ಕೋರನ್ನ ಕೇಳ್ರಿ."

ಪಂಚಶೀಲಾಗೂ ಏನೂ ತಿಳಿಯಲಿಲ್ಲ. "ನಾನೇ ನೋಡೀನಿ ಸರ್. ಡಬ್ಬಿ ಖಾಲಿ ಇರ್ತದ, ದಿನದ ಲೆಕ್ಕ ಸರೀ ಹೊಂದ್ತದ."

ಬೇರೆ ಔಷಧಿ ತಿಂತೀರಾ, ನಾಟಿ ಮದ್ದು ಇದೆಯಾ, ಗ್ಯಾಸಿನ ಪುಡಿ ತಗೋತೀರಾ ಎಂದು ವೈದ್ಯರು ಒಂದೊಂದೇ ಕೇಳಿದರು. ಎಲ್ಲಕ್ಕೂ ಇಲ್ಲ. ಹೀಗೇ ಇದ್ದರೆ ಈ ಔಷಧಿ ಕೆಲಸ ಬಿಟ್ಟಿದೆ ಅಂತಲೇ ಹಿಡಿಯಬೇಕಾಗುತ್ತದೆ, ಇನ್ನೂ ಗಟ್ಟಿ ಔಷಧಿಗೆ ಹೋಗಬೇಕಾಗುತ್ತದೆ ಎಂದರು. ಭಗವಂತರಾಯನ ಮುಖ ಸಣ್ಣದಾಯಿತು. ಇಷ್ಟು ನೇಮದಿಂದ ಇದ್ದು ಹೀಗ್ಯಾಕಾಯಿತು ಎಂದು ಅವನಿಗೆ ಅರ್ಥವಾಗಲೇ ಇಲ್ಲ.

ಪಂಚಶೀಲಾ ಇಬ್ಬರನ್ನೂ ತನ್ನ ಕೋಣೆಗೆ ಕರೆದುಕೊಂಡು ಬಂದಳು. ಮಲಕಮ್ಮನ ರಕ್ತವನ್ನೂ ಪರೀಕ್ಷೆಗೆ ಕೊಡಿಸಿದಳು. ಫಲಿತಾಂಶ ಬಂತು: ಎಚ್‌ಐವಿ ಇಲ್ಲ. ಮಲಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಆದ್ರ ಯಕ್ಕ, ಅಣ್ಣೋರ ವೈರಾಣು ಇಳಿದಿಲ್ಲ ಅಂದ್ರ ನಿಮಗ ಅಪಾಯ ಅದ," ಅಂದಳು ಪಂಚಶೀಲಾ. "ಅವತ್ತು ಹೇಳಿದ್ನಲ್ಲ, ಇಲ್ಲದವರು ತಗೊಳ್ಳೋ ಗುಳಿಗಿ, ಪ್ರೆಪ್ ಅಂತಾರ. ಅದನ್ನ ತಗೋಬೇಕೋ ಬ್ಯಾಡೋ ಅಂತ ಈಗ ಮಾತಾಡೋಣ."

ಮಲಕಮ್ಮ ಗಲಿಬಿಲಿಯಾಗಿ ಅವಳನ್ನೇ ನೋಡಿದಳು. "ಹೊಸದೇನ್ರಿ ಅಕ್ಕೋರ? ನಾ ದಿನಾ ತಗೊಳಾಕತ್ತೇನಲ್ಲ."

"ಏನು ತಗೊಳಾಕತ್ತೀರಿ?"

"ಇವರದ್ರಾಗಿನ ಅರ್ಧಾ."

ಪಂಚಶೀಲಾ ಹಣೆ ಹಿಡಿದುಕೊಂಡಳು. ತನ್ನ ಮೇಲೂ ಅವಳಿಗೆ ಸಿಟ್ಟು ಬಂದಿತ್ತು. ಡಬ್ಬಿ ಖಾಲಿಯಾಯಿತಾ ಎಂದು ಆರು ತಿಂಗಳು ಕೇಳಿದ್ದಳು, ಯಾರ ಹೊಟ್ಟೆಗೆ ಹೋಯಿತು ಎಂದು ಒಂದು ಸಲವೂ ಕೇಳಿರಲಿಲ್ಲ.

"ಅಣ್ಣೋರ," ಅಂದಳು ಕೊನೆಗೆ, "ಅರ್ಧ ಗುಳಿಗಿಗಿ ವೈರಾಣು ಬಗ್ಗಂಗಿಲ್ಲ. ಗಟ್ಟಿ ಆಗ್ತದ. ಆಮ್ಯಾಲ ಪೂರ್ತಿ ಕೊಟ್ರೂ ಕೇಳಂಗಿಲ್ಲ. ಮತ್ತ ನಿಮ್ಮ ಗುಳಿಗಿ ಬ್ಯಾರೆ, ತಡಿಯೋ ಗುಳಿಗಿ ಬ್ಯಾರೆ. ನಿಮ್ಮದ್ರಾಗ ಮೂರು ಔಷಧಿ ಅವ, ಅದ್ರಾಗ ಎರಡು. ಒಂದನ್ನ ಒಡದು ಇನ್ನೊಂದು ಮಾಡಾಕ ಬರಂಗಿಲ್ಲ."

"ನಾ ಒಳ್ಳೇದಕ್ಕ ಮಾಡಿದೆ," ಅಂದ ಭಗವಂತರಾಯ. "ಅಂದ್ರ ನನ್ನ ಔಷಧಿನೂ ಕೆಡಿಸಿಕೊಂಡೆ, ಇಕೀನೂ ಕಾಯಲಿಲ್ಲ."

"ಕೆಟ್ಟೇದೋ ಇಲ್ಲೋ ನೋಡೋಣ. ಇವತ್ತಿನಿಂದ ಪೂರ್ತಿ ನೀವೇ ನುಂಗ್ರಿ. ಮೂರು ತಿಂಗಳಿಗಿ ಮತ್ತ ಪರೀಕ್ಷಾ ಮಾಡೋಣ."

ಮಲಕಮ್ಮನಿಗೆ ಸಿಟ್ಟು, ದುಃಖ, ನಾಚಿಕೆ ಎಲ್ಲ ಒಟ್ಟಿಗೆ ಬಂದವು. "ನಂದೇನು ಹಂಗಾರ? ಇವತ್ತು ಇಲ್ಲ ಅಂದ್ರಲ್ಲ, ಅದು ಖರೇನಾ ಇಲ್ಲೋ?"

"ಅರ್ಧಮರ್ಧ ಔಷಧಿ ತಿಂದವರ ರಕ್ತದಾಗ ಇದ್ರೂ ತಡಾ ಮಾಡಿ ಕಾಣಬಹುದು ಯಕ್ಕ. ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ಅಲ್ಲೀತನಕ ನಿರೋಧ ಇಲ್ದ ಕೂಡಬ್ಯಾಡ್ರಿ. ಆಮ್ಯಾಲ ಪ್ರೆಪ್ ಮಾತು."

"ಆ ಪ್ರೆಪ್ಪಿನಿಂದ ಏನಾಗ್ತದ, ಎಲ್ಲಾ ಹೇಳ್ರಿ. ಸಿಹಿ ಅಷ್ಟೇ ಹೇಳಬ್ಯಾಡ್ರಿ."

ಪಂಚಶೀಲಾ ಕುರ್ಚಿ ಹತ್ತಿರ ಎಳೆದುಕೊಂಡಳು. ದಿನಾ ತಪ್ಪದೆ ತಗೊಂಡರೆ ಎಚ್‌ಐವಿ ಬರುವುದನ್ನು ಬಹಳ ಮಟ್ಟಿಗೆ ತಡೆಯುತ್ತದೆ ಎಂದಳು. ನುಂಗಿದ ದಿನವೇ ಕಾವಲು ನಿಲ್ಲುವುದಿಲ್ಲ, ಹೆಣ್ಣುಮಕ್ಕಳಿಗೆ ಮೂರು ವಾರ ಬೇಕು. ಮೊದಮೊದಲು ಹೊಟ್ಟೆ ತೊಳಸಬಹುದು, ತಲೆ ನೋಯಬಹುದು, ಹೆಚ್ಚಿನವರಿಗೆ ತಾನೇ ಹೋಗುತ್ತದೆ. ಕೆಲವರಿಗೆ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು, ಎಲುಬು ಸ್ವಲ್ಪ ಸವೆಯಬಹುದು. ಅದಕ್ಕೇ ಮೊದಲು ಕಿಡ್ನಿ ಪರೀಕ್ಷೆ, ಕಾಮಾಲೆ ತರುವ ಹೆಪಟೈಟಿಸ್ ಬಿ ಪರೀಕ್ಷೆ. ಹೆಪಟೈಟಿಸ್ ಬಿ ಇದ್ದವರು ಈ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಲಿವರ್ ಕೆರಳುತ್ತದೆ. ಶುರು ಮಾಡಿದ ಮೇಲೂ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ತಪ್ಪುವುದಿಲ್ಲ. ಆಗಾಗ ಕಿಡ್ನಿಯನ್ನೂ ನೋಡುತ್ತಾರೆ, ಕೆಡುತ್ತಿದ್ದರೆ ಗುಳಿಗೆ ನಿಲ್ಲಿಸುತ್ತಾರೆ. ಬೇರೆ ಗುಪ್ತರೋಗಗಳನ್ನು ಇದು ತಡೆಯುವುದಿಲ್ಲ, ಬಸಿರನ್ನೂ ತಡೆಯುವುದಿಲ್ಲ.

"ಜೀವನಪೂರ್ತಿ ತಗೋಬೇಕೇನ್ರಿ?"

"ಇಲ್ಲ. ಅಣ್ಣೋರ ವೈರಾಣು ಪರೀಕ್ಷಾದಾಗ ಕಾಣದಷ್ಟು ಇಳಿದು, ಹಂಗೇ ನಿಂತ್ರ, ಅವರಿಂದ ಕೂಡೋದ್ರಾಗ ನಿಮಗ ಬರಂಗಿಲ್ಲ. ಆಗ ಡಾಕ್ಟರ್ ನಿಲ್ಲಸ್ತಾರ."

ಮಲಕಮ್ಮನ ತಲೆ ಗಿರ್ರೆಂದಿತು. "ತಗೋಬೇಕೋ ಬ್ಯಾಡೋ, ಒಂದ್ ಮಾತು ಹೇಳ್ರಿ ಅಕ್ಕೋರ."

"ಆ ಒಂದ್ ಮಾತು ನಾ ಹೇಳಬಾರ್ದು ಯಕ್ಕ. ಪರೀಕ್ಷಾ ಆಗಲಿ, ಡಾಕ್ಟರ್ ನೋಡಲಿ, ನೀವು ವಿಚಾರ ಮಾಡ್ರಿ."

ಆ ಒಂದು ತಿಂಗಳು ಮಲಕಮ್ಮ ಹೇಗೆ ಕಳೆದಳೋ ಅವಳಿಗೇ ಗೊತ್ತು. ಕುರಿ ಎಣಿಸುವಾಗ ಲೆಕ್ಕ ತಪ್ಪುತ್ತಿತ್ತು. ರೊಟ್ಟಿ ಹಂಚಿನ ಮೇಲೇ ಸೀಯುತ್ತಿತ್ತು. ಅಕ್ಕ ಕರೆಮ್ಮ ಬಂದಾಗ ಎಲ್ಲ ಹೇಳಿಕೊಂಡಳು.

"ಹುಚ್ಚಿ ಏನು ನೀ? ಆರಾಮ ಇದ್ದಾಕಿ ಗುಳಿಗಿ ನುಂಗಿ ಕಿಡ್ನಿ ಕಳಕೋತಿಯಾ?" ಅಂದಳು ಕರೆಮ್ಮ.

"ನುಂಗದಿದ್ರ ಎಚ್‌ಐವಿ ಬಂದ್ರ?"

"ಅದೂ ಖರೇನೇ," ಎಂದು ಕರೆಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ಬುದ್ಧಿ ಹೇಳಲು ಬಂದವಳಿಗೂ ಬುದ್ಧಿ ಸಾಲಲಿಲ್ಲ.

ಮಲಕಮ್ಮ ಗಂಡನನ್ನು ಕೇಳಿದಳು. ಅವನು ಬಲೆಯ ಗಂಟು ಬಿಗಿಯುತ್ತಿದ್ದ.

"ನಾ ಏನೂ ಹೇಳಂಗಿಲ್ಲ," ಅಂದ. "ಒಮ್ಮೆ ನಾನೇ ತಿಳಕೊಂಡು ಹೇಳಿ ಇಷ್ಟು ಮಾಡೀನಿ. ಮೈ ನಿಂದು. ನೀ ಏನಂದ್ರೂ ಸೈ."

"ಹಂಗಂದು ಎದ್ದು ಹೋಗಬ್ಯಾಡ್ರಿ. ನನಗ ಅಂಜಿಕಿ ಆಗೇದ. ಪವಿತ್ರಾನ ನೋಡವ್ರು ಒಬ್ಬರರ ಗಟ್ಟಿ ಇರಬೇಕಲ್ಲ."

ಭಗವಂತರಾಯ ಗಂಟು ಬಿಟ್ಟು ಅವಳ ಪಕ್ಕದಲ್ಲಿ ಕೂತ. ಕತ್ತಲಾಗುವ ತನಕ ಎದ್ದು ಹೋಗಲಿಲ್ಲ.

ತಿಂಗಳು ತುಂಬಿತು. ಎರಡನೆಯ ಪರೀಕ್ಷೆಯಲ್ಲೂ ಮಲಕಮ್ಮನಿಗೆ ಎಚ್‌ಐವಿ ಇರಲಿಲ್ಲ. ಕಿಡ್ನಿ ಚೆನ್ನಾಗಿತ್ತು, ಹೆಪಟೈಟಿಸ್ ಬಿ ಇರಲಿಲ್ಲ. ವೈದ್ಯರು ಕೇಳಿದರು, "ಏನ್ ವಿಚಾರ ಮಾಡೀರಿ?"

ಮಲಕಮ್ಮ ಗಂಡನ ಕಡೆ ನೋಡಲಿಲ್ಲ, ಪಂಚಶೀಲಾ ಕಡೆಯೂ ನೋಡಲಿಲ್ಲ.

"ಇನ್ನೂ ಪೂರ್ತಿ ತಿಳಿದಿಲ್ರಿ ಸಾಹೇಬ್ರ. ಅಂಜಿಕಿನೂ ಹೋಗಿಲ್ಲ. ಆದ್ರ ಕಿಡ್ನಿ ಕೆಡಾಕತ್ರ ಪರೀಕ್ಷಾದಾಗ ತಿಳಿತದ, ನಿಲ್ಲಸಬಹುದು ಅಂದೀರಿ. ಎಚ್‌ಐವಿ ಬಂದ್ರ ವಾಪಸ್ ಕಳಸಾಕ ಬರಂಗಿಲ್ಲ. ಇವರದು ಇಳಿಯೂತನಕ ತಗೋತೀನಿ. ನಿರೋಧನೂ ಬಿಡಂಗಿಲ್ಲ. ಮೂರು ತಿಂಗಳಿಗೊಮ್ಮೆ ಬರ್ತೀನಿ."

"ಸರಿಯಾಗಿ ತೂಗಿ ನೋಡೀರಿ," ಅಂದರು ವೈದ್ಯರು. ಚೀಟಿ ಬರೆದು, ಔಷಧಿ ಎಲ್ಲಿ ಸಿಗುತ್ತದೆ ಎಂದೂ ತಿಳಿಸಿದರು.

ಮೊದಲ ವಾರ ಹೊಟ್ಟೆ ತೊಳಸಿತು. ಊಟದ ಮೇಲೆ ನುಂಗಿದಾಗ ಕಡಿಮೆಯಾಯಿತು. ಅವನ ಡಬ್ಬಿ ಅವನಿಗೆ, ಇವಳ ಡಬ್ಬಿ ಇವಳಿಗೆ. ಎರಡೂ ಬೇರೆ ಬೇರೆ ಚೀಲದಲ್ಲಿ.

ಭಗವಂತರಾಯನ ಮರುಪರೀಕ್ಷೆಯ ದಿನ ಪಂಚಶೀಲಾ ವರದಿ ಓದಿ ಹೇಳಿದಳು, "ಪತ್ತೆಯಾಗಿಲ್ಲ."

"ಇನ್ನೊಮ್ಮೆ ಹುಡುಕತಾರೇನ್ರಿ?" ಅಂದ ಅವನು ಗಾಬರಿಯಾಗಿ.

"ಕಾಣದಷ್ಟು ಇಳಿದದ ಅಣ್ಣೋರ. ಔಷಧಿ ಕೆಟ್ಟಿಲ್ಲ. ಹಿಂಗೇ ನಿಲ್ಲಬೇಕು, ಇನ್ನೊಂದು ವರದಿ ಬರಲಿ. ಆಮ್ಯಾಲ ಯಕ್ಕನ ಗುಳಿಗಿ ನಿಲ್ಲಸೋ ಮಾತು."

ಅವನು ಕೇಂದ್ರದ ಬೆಂಚಿನ ಮೇಲೆ ಕೂತು, ಜನರೆದುರಿಗೇ ಅತ್ತ. ಮಲಕಮ್ಮ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲವೇ? ಅವರ ಗುಳಿಗೆ ಅವರೇ ನುಂಗಲಿ, ಪೂರ್ತಿ ನುಂಗಲಿ. ಇಲ್ಲದವರು ತಮ್ಮ ಪರೀಕ್ಷೆ ಮಾಡಿಸಿ, ಪ್ರೆಪ್ ತಮಗೆ ಸರಿಹೊಂದುತ್ತದೆಯೇ ಎಂದು ವೈದ್ಯರನ್ನೇ ಕೇಳಲಿ. ಅದು ಎಲ್ಲರಿಗೂ ಬೇಕಾದ ಗುಳಿಗೆಯಲ್ಲ, ಎಲ್ಲ ಕಡೆ ಪುಕ್ಕಟೆ ಸಿಗುವುದೂ ಇಲ್ಲ. ಹೋಗಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಹತ್ತುವುದಿಲ್ಲ. ತಿಳಿಯದೇ ಇರುವುದು ತಪ್ಪಲ್ಲ. ಮಲಕಮ್ಮ ಕೇಳಲು ಆರು ತಿಂಗಳು ತಡ ಮಾಡಿದಳು. ನೀವು ಈ ವಾರವೇ ಕೇಳಿ.