ಕೈಯೊಳಗಿನ ಉಕ್ಕು

ಬೀಸುವ ಕಲ್ಲು ತಪ್ಪಿದರೆ ನೂರು ವರ್ಷ ಆಯುಸ್ಸು. ಹಿರಿಯರು ಹೇಳಿದ್ದು ದೊಣ್ಣೆಯ ವಿಷಯ, ನನಗೂ ಗೊತ್ತು. ಆದರೆ ನಮ್ಮ ಮಿನಿಯಾಪೊಲಿಸಿನಲ್ಲಿ ತಪ್ಪಿಹೋದದ್ದು ಕಲ್ಲು, ಅದರಿಂದ ಯಾರ ಆಯುಸ್ಸೂ ಒಂದು ದಿನ ಹೆಚ್ಚಲಿಲ್ಲ. ಇದು ನಡೆದ ಕಥೆ. ನಡೆಸಿದವನು ನಾನೇ ಆದ್ದರಿಂದ ಬೇರೆ ಸಾಕ್ಷಿ ಬೇಡ.

ಸಾವಿರದ ಎಂಟುನೂರ ಎಂಬತ್ತರ ವಸಂತ. ಜಲಪಾತದ ದಂಡೆಯ ವಿಂಟನ್ ಹಿಟ್ಟಿನ ಗಿರಣಿಯಲ್ಲಿ ನಾನು, ಲೆಮ್ಯುಯೆಲ್ ಪ್ರ್ಯಾಟ್, ಕಾಗದಪತ್ರ ಬರೆಯುವ ಗುಮಾಸ್ತ. ಪೂರ್ವದ ಕಾಲೇಜೊಂದರಲ್ಲಿ ನಾಲ್ಕು ವರ್ಷ ಓದಿ, ಕಲಿತ ಗ್ರೀಕನ್ನು ಅಲ್ಲೇ ಬಿಟ್ಟು, ಕಲಿಸಿದವರ ದನಿಗಳನ್ನು ಮಾತ್ರ ಹೊತ್ತು ತಂದಿದ್ದೆ. ಯಜಮಾನ ಅಸಾಹೆಲ್ ವಿಂಟನ್ ಅವರ ದನಿ ಹಿಡಿಯಲು ಒಂದು ವಾರ ಸಾಕಾಯಿತು. ಗೋಧಿಯ ಅಂಟು ನೋಡಲು ಅವರು ಸದಾ ನಾಲ್ಕು ಕಾಳು ಜಗಿಯುತ್ತಿದ್ದರು. ಮಾತು ಆ ಕಾಳುಗಳ ಸಂದಿಯಿಂದ ನುಸುಳಿ ಮೂಗಿನ ದಾರಿ ಹಿಡಿಯುತ್ತಿತ್ತು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ ನಾನೇ ವಿಂಟನ್. ನುಂಗಿದರೆ ಮತ್ತೆ ಪ್ರ್ಯಾಟ್.

ಕೆಳಗೆ, ಕಲ್ಲುಗಳ ಅಂತಸ್ತಿನಲ್ಲಿ, ಜೆಥ್ರೊ ಕಿಂಬಲ್. ಎಲ್ಲರಿಗೂ ಜೆಥ್ರೊ ಮಾವ. ಸವೆದ ಬೀಸುಕಲ್ಲನ್ನು ಮಗುಚಿ ಹಾಕಿ, ತೌಡು ತುಂಬಿದ ದಿಂಬಿನ ಮೇಲೆ ಮೊಣಕೈ ಊರಿ, ಉಕ್ಕಿನ ಉಳಿಯಿಂದ ಅದಕ್ಕೆ ಹೊಸದಾಗಿ ಕಚ್ಚು ಹೊಡೆಯುವುದು ಅವನ ಕೆಲಸ. ಪೆಟ್ಟು ಬಿದ್ದಾಗೆಲ್ಲ ಉಳಿಯ ಚೂರು ಸಿಡಿದು ಕೈಯ ಚರ್ಮದೊಳಗೆ ಹೋಗಿ ಕೂರುತ್ತದೆ. ಗಾಯ ಮಾಯುತ್ತದೆ, ನೀಲಿಗಪ್ಪು ಚುಕ್ಕೆ ಉಳಿಯುತ್ತದೆ. ಈ ಕೆಲಸ ಕೇಳಿಕೊಂಡು ಯಾರು ಬಂದರೂ ಗಿರಣಿಯವರು ಶಿಫಾರಸು ಪತ್ರ ಕೇಳುತ್ತಿರಲಿಲ್ಲ. "ಉಕ್ಕು ತೋರಿಸು" ಎನ್ನುತ್ತಿದ್ದರು. ಬಂದವನು ಅಂಗಿಯ ತೋಳು ಮಡಚಿ ಕೈ ಚಾಚಬೇಕು. ಜೆಥ್ರೊ ಮಾವನ ಎಡಗೈ ಗಸಗಸೆ ಉದುರಿಸಿದ ಬ್ರೆಡ್ಡಿನ ಹಾಗಿತ್ತು.

ಆ ವಸಂತದಲ್ಲಿ ಹಂಗೇರಿಯಿಂದ ಉರುಳೆ ಯಂತ್ರಗಳು ಬರುತ್ತವೆಂಬ ಸುದ್ದಿ ಹಬ್ಬಿತ್ತು. ಎರಡು ಕಬ್ಬಿಣದ ಉರುಳೆಗಳ ನಡುವೆ ಗೋಧಿ ನುರಿದು ಹೋಗುತ್ತದೆ. ಕಲ್ಲು ಬೇಡ, ಕಚ್ಚು ಬೇಡ. ಜೆಥ್ರೊ ಮಾವ ದಿನಾ ನನ್ನನ್ನು ಮೆಟ್ಟಿಲ ಬಳಿ ಹಿಡಿಯುತ್ತಿದ್ದ.

"ಲೆಮ್, ಕಾಗದ ಬರೆಯೋನು ನೀನು. ನನ್ನ ವಿಷಯ ಏನಾದ್ರೂ ಬರೆಸಿದ್ರಾ?"

"ಇಲ್ಲ ಮಾವ."

"ಬರೆಸಿಲ್ಲ ಅಂದ್ರೆ ಒಳ್ಳೇದೋ ಕೆಟ್ಟದ್ದೋ?"

ಇದೇ ಪ್ರಶ್ನೆಯನ್ನು ಅವನ ದನಿಯಲ್ಲೇ ಆಡಿ ತೋರಿಸಿ ನಾನು ಆಫೀಸಿನವರನ್ನು ನಗಿಸುತ್ತಿದ್ದೆ. ಯಂತ್ರ ಮಾರುವ ಹಂಗೇರಿಯವರು ಬರುವ ಹಿಂದಿನ ದಿನ ಯಜಮಾನರು ಊಟಕ್ಕೆ ಹೋಗಿದ್ದರು. ಅವರ ಮೇಜಿನ ಪಕ್ಕದಿಂದ ಕಲ್ಲುಗಳ ಅಂತಸ್ತಿಗೆ ಮಾತಾಡಲು ಒಂದು ತಗಡಿನ ಕೊಳವೆ ಇತ್ತು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಊದಿದೆ.

"ಕಿಂಬಲ್. ಉರುಳೆಗಳನ್ನ ನೋಡಿಕೊಳ್ಳೋಕೆ ಒಬ್ಬ ಮೇಸ್ತ್ರಿ ಬೇಕು. ನಾಳೆ ಹತ್ತು ಗಂಟೆಗೆ ಮೇಲೆ ಬಂದು ಹಂಗೇರಿಯವರಿಗೆ ನಿನ್ನ ಉಕ್ಕು ತೋರಿಸು. ದಯವಿಟ್ಟು."

ಕೊನೆಯ ಮಾತು ಸೊಗಸಿಗೆಂದು ಸೇರಿಸಿದ್ದು. ಕೊಳವೆಯಲ್ಲಿ ಸ್ವಲ್ಪ ಹೊತ್ತು ಬರೀ ಕಲ್ಲುಗಳ ಗುಡುಗು. ಆಮೇಲೆ, "ಬರ್ತೀನಿ ಯಜಮಾನ್ರೇ."

ನನ್ನ ಜೊತೆಯ ಗುಮಾಸ್ತರು ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಮಾವ ಬಾಗಿಲ ತನಕ ಬಂದು, ವಿಷಯ ತಿಳಿದು, ನನಗೆ ನಾಲ್ಕು ಬೈದು ಹೋಗುತ್ತಾನೆ ಎಂದುಕೊಂಡಿದ್ದೆ.

ಮರುದಿನ ಹತ್ತಕ್ಕೆ ಬಂದವನು ಬಾಗಿಲಲ್ಲಿ ನಿಲ್ಲಲಿಲ್ಲ. ಚರ್ಚಿಗೆ ಹೋಗುವ ಕೋಟು ಹಾಕಿದ್ದ, ಕೂದಲಿಗೆ ನೀರು ಹಚ್ಚಿ ಒತ್ತಿದ್ದ. ಚುಕ್ಕೆಗಳು ಎದ್ದು ಕಾಣಲೆಂದು ಕೈಗಳನ್ನು ಕೆಂಪಾಗುವಷ್ಟು ಉಜ್ಜಿ ತೊಳೆದಿದ್ದ. ನೇರ ಒಳಗೆ ಬಂದು, ತೋಳು ಮಡಚಿ, ಯಜಮಾನರ ಮೇಜಿನ ಮೇಲೆ ಹರಡಿದ್ದ ಉರುಳೆಗಳ ನಕ್ಷೆಯ ಮೇಲೆಯೇ ಎರಡೂ ಕೈ ಇಟ್ಟ.

"ಮೂವತ್ತೊಂದು ವರ್ಷದ್ದು," ಎಂದ.

ಹಂಗೇರಿಯವನೊಬ್ಬ ಚರ್ಮರೋಗವೆಂದು ತಿಳಿದು ಕುರ್ಚಿ ಹಿಂದೆ ಸರಿಸಿದ.

"ಏನಿದು ಕಿಂಬಲ್? ಯಾರು ಕರೆದಿದ್ದು ನಿನ್ನ?" ಎಂದರು ವಿಂಟನ್.

ಜೆಥ್ರೊ ಮಾವ ಕೊಳವೆಯನ್ನು ನೋಡಿದ. ಆಮೇಲೆ ನಮ್ಮ ಗುಮಾಸ್ತರ ಸಾಲನ್ನು ನೋಡುತ್ತ ಬಂದು ನನ್ನ ಮೇಲೆ ಕಣ್ಣು ನಿಲ್ಲಿಸಿದ. ಎದ್ದು ನಿಂತು ಒಂದು ಮಾತು ಹೇಳಬೇಕಿತ್ತು. ಊರಿನವರ ದನಿಯೆಲ್ಲ ಇದ್ದ ನನ್ನ ಗಂಟಲಲ್ಲಿ ನನ್ನದು ಸಿಗಲಿಲ್ಲ. ಶಾಯಿ ಕುಡಿಕೆ ನೋಡುತ್ತ ಕೂತೆ.

"ಯಾರೂ ಕರೀಲಿಲ್ಲ ಯಜಮಾನ್ರೇ," ಎಂದ ಅವನು. "ನಾನೇ ಬಂದೆ."

"ಕಲ್ಲುಗಳೆಲ್ಲ ಈ ತಿಂಗಳೇ ಹೊರಗೆ ಹೋಗ್ತವೆ. ನಿನಗೂ ಚೀಟಿ ಬರುತ್ತೆ. ಹೋಗು."

ಅವನು ಅಂಗಿಯ ತೋಳು ಇಳಿಸಿಕೊಂಡ. ಗುಂಡಿ ಸಿಗಲಿಲ್ಲ. ಅಷ್ಟು ಜನರ ಮುಂದೆ ಆ ಒಂದು ಗುಂಡಿ ಹಾಕಿಕೊಳ್ಳಲು ಅವನಿಗೆ ಹಿಡಿದಷ್ಟು ಹೊತ್ತು ನಾನು ಇವತ್ತಿಗೂ ಎಲ್ಲೂ ಕಾದಿಲ್ಲ.

ಮಧ್ಯಾಹ್ನ ಕೆಳಗಿಳಿದೆ. ಕಲ್ಲುಕೆಲಸದ ಐದಾರು ಮಂದಿ ಬ್ರೆಡ್ಡು, ಉಪ್ಪು ಹಾಕಿದ ಹಂದಿಮಾಂಸ ತಿನ್ನುತ್ತ ಕೂತಿದ್ದರು. ಕೋಟು ಮಡಚಿ ಪಕ್ಕದಲ್ಲಿಟ್ಟುಕೊಂಡಿದ್ದ ಜೆಥ್ರೊ ಮಾವ.

"ಮಾವ, ನಿನ್ನೆ ಕೊಳವೇಲಿ ಮಾತಾಡಿದ್ದು ನಾನು."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ನಿನ್ನೇನೇ. 'ದಯವಿಟ್ಟು' ಅಂದೆಯಲ್ಲ. ನಾನು ಈ ಗಿರಣಿಗೆ ಬಂದ ಹನ್ನೊಂದು ವರ್ಷದಲ್ಲಿ ಆ ಮನುಷ್ಯ ಒಂದು ಸಲ ಅಂದಿಲ್ಲ."

"ಮತ್ತೆ ಯಾಕೆ ಬಂದೆ ಮಾವ?"

ಅವನು ಬ್ರೆಡ್ಡಿನ ಚೂರಿನಿಂದ ಡಬ್ಬಿ ಒರೆಸಿದ. "ಒಂದು ವೇಳೆ ಆತನೇ ಅಂದಿದ್ರೆ, ಅಂತ."

"ನಾನು ಮೇಲೆ ಹೋಗಿ ನಿಜ ಹೇಳ್ತೀನಿ."

"ಹೇಳು. ನಿನಗೂ ಒಂದು ಚೀಟಿ ಸಿಗುತ್ತೆ. ಉರುಳೆ ಬರೋದು ನಿಲ್ಲುತ್ತಾ?"

ನಾನು ಮೇಲೆ ಹೋಗಿ ಹೇಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

"ಒಂದು ಕೆಲಸ ಮಾಡು," ಎಂದ ಜೆಥ್ರೊ ಮಾವ. "ನನಗೆ ಓದೋಕೆ ಬರಲ್ಲ. ಚೀಟಿ ಬಂದ್ರೆ ಇನ್ಯಾರ ಹತ್ರಾನೋ ಓದಿಸ್ಕೋಬೇಕು. ಅದರ ಬದಲು ನೀನೇ ಆತನ ದನೀಲಿ ನನ್ನ ಕೆಲಸದಿಂದ ತೆಗಿ. ಆ 'ದಯವಿಟ್ಟು' ಮರೀಬೇಡ."

"ಬೇಡ ಮಾವ."

"ಸುಮ್ನೆ ತೆಗಿಯೋ. ನೀನು ಕಾಲೇಜು ಓದಿರೋದು ಇದಕ್ಕೇ ತಾನೇ?"

ಪಕ್ಕದವನೊಬ್ಬ ಗೋಧಿ ಸುರಿಯುವ ದೋಣಿಗೆ ಕೈ ಹಾಕಿ ನಾಲ್ಕೇ ನಾಲ್ಕು ಕಾಳು ಆರಿಸಿ ಕೊಟ್ಟ. ನಾನು ಬಾಯಿಗೆ ಹಾಕಿಕೊಂಡೆ.

"ಕಿಂಬಲ್," ಎಂದೆ. ಅಷ್ಟು ಚೆನ್ನಾಗಿ ವಿಂಟನ್ ಎಂದೂ ನನ್ನ ಬಾಯಿಗೆ ಬಂದಿರಲಿಲ್ಲ. "ನಾಳೆಯಿಂದ ನೀನು ಬರಬೇಕಾಗಿಲ್ಲ. ದಯ..."

ಅಲ್ಲಿ ವಿಂಟನ್ ಕೈಕೊಟ್ಟರು. ಉಳಿದ ಎರಡಕ್ಷರ ಪ್ರ್ಯಾಟ್‌ನ ಬಾಯಿಂದ, ಕಿರುಗುಟ್ಟುತ್ತ ಬಂದವು. ಕಾಳುಗಳು ಗದ್ದದಿಂದ ಜಾರಿ ಅಂಗಿಯ ಮೇಲೆ ಬಿದ್ದವು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ, ಆ ಚುಕ್ಕೆಚುಕ್ಕೆಯ ಕೈಯಿಂದ ಕಣ್ಣೊರೆಸಿಕೊಳ್ಳುತ್ತ, ಜೆಥ್ರೊ ಮಾವ ನಗುತ್ತಿದ್ದ.