ಎಡಗೈ ಪೆಟ್ಟಿಗೆ

ಭಾನುವಾರ ಮಧ್ಯಾಹ್ನ ದಾಟಿದ ಮೇಲೆ ಗಿಟಾರ್ ಸಂತೆಯ ಸದ್ದು ಬದಲಾಗುತ್ತದೆ. ಬೆಳಗ್ಗೆಯೆಲ್ಲ ಯಾರಾದರೊಬ್ಬರು ಎಲ್ಲೋ ನುಡಿಸಿ ನೋಡುತ್ತಿರುತ್ತಾರೆ. ಮಧ್ಯಾಹ್ನ ಗಿಟಾರ್ ಪೆಟ್ಟಿಗೆಗಳ ಚಿಲಕ ಬೀಳುವ ಸದ್ದು ಶುರುವಾಗುತ್ತದೆ. ತಂದದ್ದನ್ನು ವಾಪಸು ಹೊರುವುದು ಯಾರಿಗೂ ಬೇಡ.

ಕಲಮಜೂ ಊರಿನ ಈ ಸಭಾಂಗಣಕ್ಕೆ ನಾನೂ ವರ್ನಾ ಚಿಕ್ಕಮ್ಮನೂ ಗಿಟಾರ್ ತರುವುದಿಲ್ಲ. ನಾವು ಮಾರುವುದು ಹಳೆಯ ಖಾಲಿ ಪೆಟ್ಟಿಗೆಗಳನ್ನು. ಐವತ್ತರ ದಶಕದ ಗಿಟಾರ್ ಕೊಂಡವನಿಗೆ ಅದೇ ಕಾಲದ, ಅದೇ ಆಕಾರದ ಪೆಟ್ಟಿಗೆ ಸಿಗುವವರೆಗೆ ನಿದ್ದೆ ಬರುವುದಿಲ್ಲ. ಹೊರಗೆ ಕಂದು, ಒಳಗೆ ಗುಲಾಬಿ ಮಖಮಲ್ಲು ಇದ್ದರೆ ಮೂರು ಸಾವಿರ ಡಾಲರ್. ಹಿಡಿ ಬದಲಾಗಿದ್ದರೆ ಅದರಲ್ಲಿ ಅರ್ಧ. ನೆಲಮಾಳಿಗೆಯ ವಾಸನೆ ಬಂದರೆ ಇನ್ನೂ ಕಡಿಮೆ. ಬಲ್ಲ ಗಿರಾಕಿ ಕಣ್ಣಿಗಿಂತ ಮೊದಲು ಮೂಗನ್ನೇ ಒಳಗೆ ತೂರಿಸುತ್ತಾನೆ.

ಮೇಜಿನ ತುದಿಯಲ್ಲಿದ್ದ ಪೆಟ್ಟಿಗೆಗೆ ಈ ಲೆಕ್ಕ ಯಾವುದೂ ತಾಗುತ್ತಿರಲಿಲ್ಲ. ಹಿಡಿ, ಚಿಲಕ, ಮಖಮಲ್ಲು ಎಲ್ಲ ಮೊದಲಿನವೇ. ಆದರೆ ಅದು ಎಡಗೈಯವರ ಗಿಟಾರಿಗೆಂದು ಮಾಡಿದ್ದು. ಐವತ್ತರ ದಶಕದ ಆ ಗಿಟಾರುಗಳಲ್ಲಿ, ಬೆರಳು ತಂತಿಯ ಕೆಳತುದಿಗೂ ಎಟುಕಲೆಂದು, ಕತ್ತಿನ ಪಕ್ಕದ ಒಂದು ಭುಜವನ್ನು ಕೊರೆದಿರುತ್ತಾರೆ. ಇದರಲ್ಲಿ ಆ ಕೊರೆತ ಆಚೆ ಬದಿಗಿತ್ತು, ಕನ್ನಡಿಯೊಳಗಿಂದ ಎತ್ತಿ ಇಟ್ಟ ಹಾಗೆ. ಬಲಗೈ ಗಿಟಾರ್ ಅದರಲ್ಲಿ ಕೂರುವುದೇ ಇಲ್ಲ. ಅಪರೂಪವಾದದ್ದಕ್ಕೆ ಬೆಲೆ ಹೆಚ್ಚೆಂದು ನಾನು ಕಾಲೇಜಿನಲ್ಲಿ ಓದಿದ್ದೆ. ಬೇಕೆನ್ನುವವನು ಬರುವವರೆಗೆ ಅಪರೂಪವೂ ಒಂದು ಬಗೆಯ ಅನಾಥತನ ಎಂದು ಆ ಪೆಟ್ಟಿಗೆಯನ್ನು ಊರೂರಿಗೆ ಹೊತ್ತು ತಿಳಿದೆ.

ಐದು ಗಂಟೆಗೆ ಈ ಸಂತೆ ಮುಚ್ಚುವಷ್ಟರಲ್ಲಿ ಮಾರಾಟವಾಗದಿದ್ದರೆ ಅದರ ಹಿಡಿ, ಚಿಲಕ ಬಿಚ್ಚಿ ಕೊಡುತ್ತೇನೆಂದು ಚಿಕ್ಕಮ್ಮ ಪಕ್ಕದ ಮೇಜಿನ ಕೆಸ್ಲರನ ಕೈ ಕುಲುಕಿದ್ದಳು. ತನ್ನ ಮುರುಕು ಪೆಟ್ಟಿಗೆಗೆ ಅವನ್ನು ಜೋಡಿಸಿಕೊಳ್ಳಲು ಅವನು ಆರುನೂರು ಕೊಡುವವನಿದ್ದ. ಬಿಚ್ಚಿದ ಮೇಲೆ ಉಳಿಯುವುದು ಸೌದೆ. ನನಗೆ ಅದು ಇಡಿಯಾಗಿ ಉಳಿಯಬೇಕಿತ್ತು. ಯಾಕೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಕೆಸ್ಲರ್ ಸ್ಕ್ರೂಡ್ರೈವರ್ ತಿರುಗಿಸುತ್ತಾ ಬಂದ. "ಏನ್ ವರ್ನಾ, ಹೆಣ ಇನ್ನೂ ಎತ್ಲಿಲ್ವಾ?"

"ಐದು ಗಂಟೆ ಅಂದಿದ್ದೆ. ನಿನ್ ಗಡಿಯಾರಾನೂ ಮಾರ್ಕೊಂಡ್ಯಾ?"

"ನಿಮ್ಮಕ್ಕನ ಮಗ ಅದರ ಪಕ್ಕದಿಂದ ಅಲ್ಲಾಡ್ತಾನೇ ಇಲ್ಲ. ಫಿಲಾಸಫಿ ಓದಿದ್ದಾನಲ್ಲ, ಖಾಲಿ ಪೆಟ್ಟಿಗೆ ಕಾಯೋಕೆ ಸರಿಯಾದ ಓದು!"

ಅಷ್ಟರಲ್ಲಿ ಎದುರಿನ ಮೇಜಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ತನ್ನ ಗಿಟಾರನ್ನು ಹೊರತೆಗೆದು ಕೊರಳಿಗೆ ಹಾಕಿಕೊಂಡಳು. ಗಿಟಾರಿನ ಕತ್ತು ಎಲ್ಲರಂತೆ ಎಡಕ್ಕಲ್ಲ, ಅವಳ ಬಲಕ್ಕೆ ಚಾಚಿತ್ತು. ನಾನು ಓಡಿದೆ.

"ಅಮ್ಮಾ, ನೀವು ಎಡಗೈಯವರಾ?"

"ಹುಟ್ಟಿದಾಗಿಂದ. ಯಾಕಪ್ಪಾ, ಅದಕ್ಕೆ ಬೇರೆ ಟಿಕೆಟ್ ಇದ್ಯಾ ಇಲ್ಲಿ?"

ಅವಳ ಹೆಸರು ಒಡೆಸ್ಸಾ. ಪಕ್ಕದ ಊರು ಬ್ಯಾಟಲ್ ಕ್ರೀಕ್‌ನ ಚರ್ಚಿನಲ್ಲಿ ನುಡಿಸುವವಳು. ಕೈ ಹಿಡಿದು ಎಳೆದುಕೊಂಡೇ ಬಂದೆ. ಅವಳ ಗಿಟಾರನ್ನು ಪೆಟ್ಟಿಗೆಯ ಮೇಲೆ ಹಿಡಿದು ನೋಡಿದೆ. ಭುಜದ ಕೊರೆತ ಹೊಂದಲಿಲ್ಲ. ಅದು ಬಲಗೈಯವರದೇ.

"ಮಗುಚಿ ನುಡಿಸ್ತೀನಿ ಮಗಾ. ನಮ್ಮಂಥೋರಿಗೆ ಅಂತ ಆವಾಗ ಯಾರು ಮಾಡ್ಕೊಡ್ತಿದ್ರು? ಇದ್ದಿದ್ದನ್ನೇ ತಲೆಕೆಳಗು ಮಾಡ್ಕೊಂಡ್ವಿ."

ಕೆಸ್ಲರ್ ಜೋರಾಗಿ ನಕ್ಕ. ಒಡೆಸ್ಸಾ ನಗಲಿಲ್ಲ. ಪೆಟ್ಟಿಗೆಯೊಳಗೆ ಎಡಗೈ ಇಟ್ಟು ಆ ತಿರುಗುಮುರುಗಾದ ಕೊರೆತದ ಅಂಚನ್ನು ನಿಧಾನವಾಗಿ ಸವರಿದಳು.

"ಹಂಗಾದ್ರೆ ಮಾಡ್ತಿದ್ರು," ಎಂದಳು ಕೊನೆಗೆ.

ಆಮೇಲೆ ತಲೆಯೆತ್ತಿದಳು. "ಟೊಲೀಡೋದಲ್ಲಿ ಲೆಮ್ಯೂಯಲ್ ಅಂತ ಒಬ್ಬ ಇದ್ದಾನೆ. ಚರ್ಚಿನ ಊಟದಲ್ಲಿ ಪಕ್ಕಪಕ್ಕ ಕೂತ್ರೆ ನಂಗೂ ಅವನಿಗೂ ಮಾತ್ರ ಮೊಣಕೈ ತಾಗಲ್ಲ, ಇಬ್ರೂ ಎಡಗೈಲೇ ತಿನ್ನೋರು. ಅವನದು ನಿಜವಾದ ಎಡಗೈ ಗಿಟಾರು. ಹಸುಗೂಸಿನ ಥರ ಕೌದಿಯಲ್ಲಿ ಸುತ್ಕೊಂಡು ತಿರುಗ್ತಾನೆ. ಇದಕ್ಕೆ ಪೆಟ್ಟಿಗೇನೇ ಹುಟ್ಟಿಲ್ಲ ಅಂತಾನೆ."

ಅವಳೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ವಿಷಯ ಹೇಳಿದಳು. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ.

"ಕೊರೆತ ಯಾವ ಕಡೆ?"

"ನಿನ್ ಕಡೆ ಕಣೋ, ಲೆಮ್ಯೂಯಲ್."

"ಈಗ್ಲೇ ಹೊರಟೆ. ಸಂಜೆ ಆರರೊಳಗೆ ಅಲ್ಲಿರ್ತೀನಿ."

"ಐದು ಅಂದಿದ್ದೆ ವರ್ನಾ," ಎಂದ ಕೆಸ್ಲರ್. "ಕೈ ಕುಲುಕಿದ್ದೀಯ."

ಸಂತೆಯಲ್ಲಿ ಕೈ ಕುಲುಕಿದ ಮೇಲೆ ಮಾತು ತಪ್ಪಿದವರ ಮೇಜಿನ ಹತ್ತಿರ ಮುಂದಿನ ವರ್ಷ ಯಾರೂ ನಿಲ್ಲುವುದಿಲ್ಲ. ಚಿಕ್ಕಮ್ಮನ ಮುಖ ಸಣ್ಣಗಾಯಿತು. ಒಡೆಸ್ಸಾ ಕೈಚೀಲದಿಂದ ಇಪ್ಪತ್ತರ ನೋಟು ತೆಗೆದು ಗುಲಾಬಿ ಮಖಮಲ್ಲಿನ ಮೇಲಿಟ್ಟಳು. "ಮುಂಗಡ. ಮಾರಾಟ ಆಯ್ತು ಅಂತ ಚೀಟಿ ಅಂಟಿಸು. ಐದಕ್ಕೆ ಮುಂಚೇನೇ ಆಯ್ತಲ್ಲ?"

ಕೆಸ್ಲರ್ ಆ ನೋಟನ್ನು ನೋಡಿದ. ಆಮೇಲೆ ಚಿಕ್ಕಮ್ಮನ ಕಿವಿಯ ಹತ್ತಿರ ಬಾಗಿದ. "ಐದು ಸಾವಿರ ಹೇಳು, ಪೆದ್ದಿ. ಅವನಿಗೆ ಬೇರೆ ಗತಿಯಿಲ್ಲ."

ನಿಜ. ಇಷ್ಟು ದಿನ ಬೆಲೆಯೇ ಇಲ್ಲದಿದ್ದುದಕ್ಕೆ ಈಗ ಯಾವ ಬೆಲೆಯನ್ನಾದರೂ ಹೇಳಬಹುದಿತ್ತು. ಚಿಕ್ಕಮ್ಮ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು.

"ಆರುನೂರು," ಎಂದಳು ಫೋನಿನ ಕಡೆಗೆ.

"ಅಷ್ಟು ಕಡಿಮೇನಾ?" ಲೆಮ್ಯೂಯಲನ ದನಿಯಲ್ಲಿ ಅನುಮಾನ. "ವಾಸನೆಗೀಸನೆ ಬಂದಿದ್ಯಾ?"

"ಇಲ್ಲಪ್ಪಾ. ಒಡೆಯೋಕೆ ಆರುನೂರಕ್ಕೆ ಒಪ್ಪಿದ್ದೆ. ಇಡಿಯಾಗಿ ಕೊಡೋಕೆ ಜಾಸ್ತಿ ಕೇಳಿದ್ರೆ ನಂಗೇ ನಾಚಿಕೆ."

"ಹುಚ್ಚು," ಎಂದು ಗೊಣಗಿ ಕೆಸ್ಲರ್ ಸ್ಕ್ರೂಡ್ರೈವರ್ ಜೇಬಿಗಿಳಿಸಿದ.

ಸಭಾಂಗಣ ಮುಚ್ಚಿದ ಮೇಲೆ ವಾಹನ ನಿಲ್ಲಿಸುವ ಬಯಲಿನಲ್ಲಿ, ನಮ್ಮ ವ್ಯಾನಿನ ಹಿಂಬದಿಯಲ್ಲಿ ಪೆಟ್ಟಿಗೆ ತೆರೆದಿಟ್ಟುಕೊಂಡು ಕಾದೆವು. ಜೂನ್ ತಿಂಗಳ ಬಿಸಿಲು ಇನ್ನೂ ಮೇಲಿತ್ತು. ಒಡೆಸ್ಸಾಗೆ ಅಲ್ಲಿ ಕಾಯುವ ಕೆಲಸವೇನೂ ಇರಲಿಲ್ಲ, ಆದರೂ ಹೋಗಲಿಲ್ಲ. ಕೆಸ್ಲರ್ ತನ್ನ ಗಾಡಿಗೆ ಸಾಮಾನು ತುಂಬಿ ಎಷ್ಟೋ ಹೊತ್ತಾಗಿತ್ತು. ಅವನೂ ಏನೋ ಹುಡುಕುವವನಂತೆ ಅಲ್ಲೇ ಸುಳಿದಾಡುತ್ತಿದ್ದ.

ಬಯಲಿನ ಆ ತುದಿಯಲ್ಲಿ ಕಾರೊಂದು ಬಂದು ನಿಂತಿತು. ಎತ್ತರದ ಮುದುಕನೊಬ್ಬ ಇಳಿದು, ಕೌದಿಯಲ್ಲಿ ಸುತ್ತಿದ್ದನ್ನು ಎರಡೂ ತೋಳಲ್ಲಿ ಎತ್ತಿಕೊಂಡು ನಮ್ಮ ಕಡೆಗೆ ನಡೆಯತೊಡಗಿದ. ನಾನು ಪೆಟ್ಟಿಗೆಯನ್ನು ಅವನ ಕಡೆಗೆ ತಿರುಗಿಸಿ, ಮಖಮಲ್ಲಿನ ಮೇಲೇ ಉಳಿದಿದ್ದ ಇಪ್ಪತ್ತರ ನೋಟನ್ನು ತೆಗೆದು ಗಿಟಾರಿಗೆ ಜಾಗ ಮಾಡಿದೆ.